ಕೈಗುಣವೋ, ಮಣ್ಣಿನ ಗುಣವೋ: ಬಿಲ್ ಸ್ನೈಡರ್ ಪ್ರಕರಣ

ನಮ್ಮ ಕಡೆ ಕೆಲವು ವೈದ್ಯರ ಬಗ್ಗೆ ‘ಅವರ ಕೈಗುಣ ಒಳ್ಳೆಯದು’ ಎನ್ನುವುದುಂಟು. ಬೇರೆಯವರು ಕೊಟ್ಟಾಗ ಇಳಿಯದ ಜ್ವರ, ಅದೇ ಗುಳಿಗೆಯನ್ನು ಅವರು ಕೊಟ್ಟರೆ ಇಳಿಯುತ್ತದಂತೆ. ಅಮೆರಿಕದ ಕಾಲೇಜು ಫುಟ್‌ಬಾಲ್ ಲೋಕದಲ್ಲೂ ಇಂಥದೊಂದು ನಂಬಿಕೆ ಬೇರೂರಿದೆ. ನಿಜವಾಗಿ ದೊಡ್ಡವನಾದ ಕೋಚ್ ಯಾವ ಕಾಲೇಜಿಗೆ ಹೋದರೂ ಗೆಲ್ಲುತ್ತಾನೆಯೇ ಎಂಬ ಪ್ರಶ್ನೆ ಅಲ್ಲಿನ ಹರಟೆಕಟ್ಟೆಗಳಲ್ಲಿ ಪ್ರತಿ ಶರತ್ಕಾಲಕ್ಕೂ ಹೊಸದಾಗಿ ಹುಟ್ಟುತ್ತದೆ. ‘ಗೆಲ್ಲುತ್ತಾನೆ’ ಎನ್ನುವವರು ಮೊದಲು ಹೇಳುವ ಹೆಸರುಗಳಲ್ಲಿ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಬಿಲ್ ಸ್ನೈಡರ್ ಅವರದೂ ಒಂದು. ನಾನೂ ಬಹುಕಾಲ ಆ ಗುಂಪಿನಲ್ಲೇ ಇದ್ದೆ. ಪ್ರಕರಣವನ್ನು ವರ್ಷ ವರ್ಷವಾಗಿ ಬಿಡಿಸಿ ನೋಡಿದ ಮೇಲೆ ಈ ಸಾಕ್ಷಿ ಯಾರ ಪರ ನುಡಿಯುತ್ತಿದೆ ಎಂಬ ಅನುಮಾನ ಶುರುವಾಯಿತು.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹಿಂದಿನ ವರ್ಷ ಕೊನೆಯಲ್ಲಿ ಉಳಿದ ತಂಡಕ್ಕೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮೊದಲ ಅವಕಾಶ ಸಿಗುತ್ತದೆ. ಕಾಲೇಜು ಆಟದಲ್ಲಿ ಅಂಥ ಕರುಣೆ ಇಲ್ಲ. ಕೋಚ್ ತಾನೇ ಊರೂರು ಸುತ್ತಿ, ಹೈಸ್ಕೂಲು ಹುಡುಗರ ಮನೆಯ ಜಗಲಿಯಲ್ಲಿ ಕುಳಿತು, ತಂದೆ ತಾಯಿಯರನ್ನು ಒಪ್ಪಿಸಿ ಆಟಗಾರರನ್ನು ತರಬೇಕು. ಒಳ್ಳೆಯ ಹುಡುಗರು ಗೆಲ್ಲುವ ಕಾಲೇಜಿಗೇ ಹೋಗುತ್ತಾರೆ, ಆ ಕಾಲೇಜು ಮತ್ತೆ ಗೆಲ್ಲುತ್ತದೆ. ಸೋಲುವ ಕಾಲೇಜು ಸೋಲುತ್ತಲೇ ಇರುವುದಕ್ಕೆ ಬೇರೆ ಶಾಪ ಬೇಕಾಗಿಲ್ಲ.

ಹಾಳು ಬಿದ್ದ ಹೊಲ

ಕ್ಯಾನ್ಸಸ್ ಸ್ಟೇಟ್ ಇರುವುದು ಮ್ಯಾನ್‌ಹಟನ್ ಎಂಬ ಊರಿನಲ್ಲಿ. ನ್ಯೂಯಾರ್ಕಿನ ಮ್ಯಾನ್‌ಹಟನ್ ಅಲ್ಲ. ಫ್ಲಿಂಟ್ ಹಿಲ್ಸ್ ಹುಲ್ಲುಗಾವಲಿನ ಅಂಚಿನಲ್ಲಿರುವ, ತನ್ನನ್ನು ತಾನೇ ತಮಾಷೆಗೆ ‘ಪುಟ್ಟ ಸೇಬು’ ಎಂದು ಕರೆದುಕೊಳ್ಳುವ ಸಣ್ಣ ಪಟ್ಟಣ. 1990ರ ಹೊತ್ತಿಗೆ ಇಡೀ ಕ್ಯಾನ್ಸಸ್ ರಾಜ್ಯದ ಜನಸಂಖ್ಯೆ ಇಪ್ಪತ್ತೈದು ಲಕ್ಷದ ಆಸುಪಾಸು. ಅಷ್ಟರಲ್ಲೇ ಎರಡು ಸರ್ಕಾರಿ ವಿಶ್ವವಿದ್ಯಾಲಯಗಳು ಹುಡುಗರಿಗಾಗಿ ಜಗ್ಗಾಡಬೇಕು. ಆಡಬೇಕಾದದ್ದು ಬಿಗ್ ಎಯ್ಟ್ ಎಂಬ ಕೂಟದಲ್ಲಿ, ನೆಬ್ರಾಸ್ಕಾ ಮತ್ತು ಒಕ್ಲಹೋಮಾದಂಥ ದೈತ್ಯರ ಎದುರು.

1896ರಿಂದ 1988ರವರೆಗೆ ಈ ತಂಡ ಗೆದ್ದದ್ದು 299 ಪಂದ್ಯ, ಸೋತದ್ದು 510. ಮೇಲ್ದರ್ಜೆಯ ತಂಡಗಳಲ್ಲಿ ಐನೂರು ಸೋಲನ್ನು ಮೊದಲು ಮುಟ್ಟಿದ್ದು ಇದೇ. ಕಾನ್ಫರೆನ್ಸ್ ಪ್ರಶಸ್ತಿ, ಅಂದರೆ ತನ್ನ ಕೂಟದ ಪ್ರಶಸ್ತಿ, ಬಂದದ್ದು ಒಮ್ಮೆ, 1934ರಲ್ಲಿ. ಋತುವಿನ ಕೊನೆಯಲ್ಲಿ ಚೆನ್ನಾಗಿ ಆಡಿದವರನ್ನು ಕರೆಯುವ ‘ಬೌಲ್’ ಪಂದ್ಯಕ್ಕೆ ಹೋದದ್ದೂ ಒಮ್ಮೆ, 1982ರಲ್ಲಿ; ಅದರಲ್ಲೂ ಸೋಲು. 1987ರಲ್ಲಿ ನೆರೆಯ ಕ್ಯಾನ್ಸಸ್ ವಿಶ್ವವಿದ್ಯಾಲಯದೊಂದಿಗೆ 17–17ರ ಸಮ ಸಾಧಿಸಿದ್ದೇ ಆ ವರ್ಷದ ಹೆಗ್ಗಳಿಕೆ. 1988ರಲ್ಲಿ ಹನ್ನೊಂದಕ್ಕೆ ಹನ್ನೊಂದೂ ಸೋಲು. ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ 1989ರಲ್ಲಿ ‘ನಿಷ್ಫಲ ವಿಶ್ವವಿದ್ಯಾಲಯ’ ಎಂಬರ್ಥದ ತಲೆಬರಹ ಕೊಟ್ಟು, ದೇಶದಲ್ಲಿ ಇದಕ್ಕಿಂತ ಕೆಟ್ಟ ತಂಡವಿಲ್ಲ ಎಂದು ಬರೆಯಿತು.

ಸ್ನೈಡರ್ ಕಥೆ ಹೇಳುವವರು ಹೆಚ್ಚಾಗಿ ನುಂಗಿಬಿಡುವ ವಿಷಯವೊಂದು ಇಲ್ಲಿದೆ. ಅವರಿಗಿಂತ ಹಿಂದೆ ಬಂದ ಸ್ಟ್ಯಾನ್ ಪ್ಯಾರಿಶ್ ದಡ್ಡರಾಗಿರಲಿಲ್ಲ. ಇಂಡಿಯಾನಾದ ವಾಬಾಶ್ ಎಂಬ ಸಣ್ಣ ಕಾಲೇಜಿನಲ್ಲಿ ಅವರ ದಾಖಲೆ 42 ಗೆಲುವು, 3 ಸೋಲು, 1 ಸಮ. ಅಲ್ಲಿಂದ ಮಾರ್ಷಲ್ ವಿಶ್ವವಿದ್ಯಾಲಯಕ್ಕೆ ಹೋದರು. 1970ರ ವಿಮಾನ ದುರಂತದಲ್ಲಿ ಬಹುತೇಕ ಇಡೀ ತಂಡವನ್ನೇ ಕಳೆದುಕೊಂಡು ಮೇಲೇಳಲು ಹೆಣಗುತ್ತಿದ್ದ ಜಾಗ ಅದು. ಎರಡು ದಶಕಗಳಿಂದ ಸೋಲಿಗಿಂತ ಹೆಚ್ಚು ಗೆಲುವು ಕಾಣದಿದ್ದ ಮಾರ್ಷಲ್, 1984ರಲ್ಲಿ ಪ್ಯಾರಿಶ್ ಕೈಯಲ್ಲಿ ಅದನ್ನು ಕಂಡಿತು. ಎರಡು ಕಡೆ ಗೆದ್ದವನು ಮೂರನೆಯ ಕಡೆಯೂ ಗೆಲ್ಲುತ್ತಾನೆ ಎಂದು ಕ್ಯಾನ್ಸಸ್ ಸ್ಟೇಟ್ ನಂಬಿದ್ದರಲ್ಲಿ ತಪ್ಪೇನಿರಲಿಲ್ಲ. ಮೂರು ವರ್ಷಗಳಲ್ಲಿ ಅವರು ಗಳಿಸಿದ್ದು ಎರಡು ಗೆಲುವು. ಸೋಲು ಮೂವತ್ತು. 1985ರಲ್ಲಿ ಕೈಗುಣದ ಬಗ್ಗೆ ಪಂಥ ಕಟ್ಟಿದ್ದರೆ ನಾನು ಪ್ಯಾರಿಶ್ ಮೇಲೆಯೇ ಕಟ್ಟುತ್ತಿದ್ದೆ. ಯಾಕೆಂದರೆ ಆಗ ಸ್ನೈಡರ್ ಎಂಬ ಹೆಸರು ಅಯೋವಾದ ಹೊರಗೆ ಹೆಚ್ಚು ಜನರಿಗೆ ಗೊತ್ತೇ ಇರಲಿಲ್ಲ.

1–10, 5–6, 7–4, 5–6

ಸ್ನೈಡರ್ ಹುಟ್ಟಿದ್ದು 1939ರಲ್ಲಿ, ಮಿಸೌರಿಯ ಸೇಂಟ್ ಜೋಸೆಫ್‌ನಲ್ಲಿ. ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಲ್ಲಿ ವರ್ಷಗಟ್ಟಲೆ ದುಡಿದು, ಹೇಡನ್ ಫ್ರೈ ಎಂಬ ಹಿರಿಯ ಕೋಚ್ ಜೊತೆ ನಾರ್ತ್ ಟೆಕ್ಸಸ್‌ಗೂ ಅಲ್ಲಿಂದ ಅಯೋವಾಕ್ಕೂ ಹೋದವರು. ಅಯೋವಾದಲ್ಲಿ ಹತ್ತು ವರ್ಷ ತಂಡದ ಆಕ್ರಮಣದ ಹೊಣೆ ಹೊತ್ತಿದ್ದರು. ಮುಖ್ಯ ಕೋಚ್ ಕುರ್ಚಿ ಮೊದಲ ಬಾರಿಗೆ ಸಿಕ್ಕಿದಾಗ ವಯಸ್ಸು 49. ಅವರನ್ನು ಕರೆತಂದಾಗ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು 1986ರಲ್ಲಿ ಬಂದಿದ್ದ ಜಾನ್ ವೆಫಾಲ್ಡ್. ಫುಟ್‌ಬಾಲ್ ಹೀಗೇ ಮುಂದುವರಿದರೆ ಬಿಗ್ ಎಯ್ಟ್ ಕೂಟದಿಂದಲೇ ಹೊರಬೀಳಬೇಕಾದೀತು ಎಂಬ ಭಯ ಅವರಿಗಿತ್ತು.

1989ರ ಮೊದಲ ಮೂರು ಪಂದ್ಯಗಳೂ ಹೋದವು. ಗೆಲುವಿಲ್ಲದೆ ಸತತ ಮೂವತ್ತು ಪಂದ್ಯ. ಸೆಪ್ಟೆಂಬರ್ 30ರಂದು, ಸ್ನೈಡರ್ ಒಮ್ಮೆ ದುಡಿದಿದ್ದ ನಾರ್ತ್ ಟೆಕ್ಸಸ್ ಎದುರು, ಗಡಿಯಾರದಲ್ಲಿ ಒಂದು ಕ್ಷಣವೂ ಉಳಿಯದಿದ್ದಾಗ ಕಾರ್ಲ್ ಸ್ಟ್ರಾ ಎಸೆದ ಚೆಂಡನ್ನು ಫ್ರಾಂಕ್ ಹರ್ನಾಂಡೆಜ್ ಗೆರೆಯಾಚೆ ಹಿಡಿದರು. 20–17. ಮರುವಾರ ನೆಬ್ರಾಸ್ಕಾ 58–7ರಿಂದ ಜಜ್ಜಿತು. ಆ ವರ್ಷ ಮತ್ತೆ ಗೆಲುವು ಬರಲಿಲ್ಲ.

ಮುಂದಿನ ವರ್ಷ ಐದು ಗೆಲುವು, ಅದರ ಮುಂದಿನ ವರ್ಷ ಏಳು, ನಾಲ್ಕನೆಯ ವರ್ಷ ಮತ್ತೆ ಐದಕ್ಕೆ ಇಳಿಕೆ. ಒಟ್ಟು ನಾಲ್ಕು ವರ್ಷಕ್ಕೆ 18 ಗೆಲುವು, 26 ಸೋಲು. ಈ ಲೆಕ್ಕದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೇನೆ. ಇದೇ 18–26 ಅನ್ನು ಅಲಬಾಮಾದಲ್ಲೋ ನೆಬ್ರಾಸ್ಕಾದಲ್ಲೋ ತಂದಿಟ್ಟಿದ್ದರೆ ಸ್ನೈಡರ್ ಐದನೆಯ ವರ್ಷ ನೋಡುತ್ತಿರಲಿಲ್ಲ. ಐದನೆಯ ವರ್ಷವನ್ನು ನೋಡದಿದ್ದರೆ ಇಂದು ಅವರ ಬಗ್ಗೆ ಬರೆಯುವವರೂ ಇರುತ್ತಿರಲಿಲ್ಲ. ಮ್ಯಾನ್‌ಹಟನ್ನಿನಲ್ಲಿ ಮಾತ್ರ ಐದು ಗೆಲುವು ಎಂದರೆ ಹಬ್ಬ. ಐದನೆಯ ವರ್ಷ, 1993ರಲ್ಲಿ, 9 ಗೆಲುವು, 2 ಸೋಲು, 1 ಸಮ; ಕಾಪರ್ ಬೌಲ್‌ನಲ್ಲಿ ವಯೋಮಿಂಗ್ ವಿರುದ್ಧ 52–17. ಶತಮಾನದ ಹತ್ತಿರ ಹತ್ತಿರ ಆಡಿದ ತಂಡಕ್ಕೆ ಅದು ಮೊದಲ ಬೌಲ್ ಗೆಲುವು. ಅಲ್ಲಿಂದ 2003ರವರೆಗೆ ಹನ್ನೊಂದು ವರ್ಷ ಬೌಲ್ ತಪ್ಪಲಿಲ್ಲ.

ಸಾಮಾನು ಎಲ್ಲಿಂದ ತಂದರು

ಸ್ನೈಡರ್ ಬಗ್ಗೆ ಬರೆಯುವವರೆಲ್ಲ ಅವರ ಶಿಸ್ತಿನ ಕಥೆಗೆ ಬೀಳುತ್ತಾರೆ: ದಿನಕ್ಕೆ ಒಂದೇ ಊಟ, ಅದೂ ರಾತ್ರಿ ಕೆಲಸ ಮುಗಿದ ಮೇಲೆ, ತಂಡಕ್ಕೆ ಹಾಕಿಕೊಟ್ಟ ಹದಿನಾರು ಗುರಿಗಳು, ಎದುರಾಳಿ ತಂಡದ ಹುಡುಗರಿಗೂ ನೇರಳೆ ಶಾಯಿಯಲ್ಲಿ ಕೈಯಾರೆ ಬರೆದು ಕಳುಹಿಸುತ್ತಿದ್ದ ಪತ್ರಗಳು. ಇವೆಲ್ಲ ನಿಜ. ಆದರೆ ದಿನಕ್ಕೆ ಹದಿನಾರು ತಾಸು ದುಡಿದೂ ಸೋತ ಕೋಚ್‌ಗಳಿಗೆ ಅಮೆರಿಕದಲ್ಲಿ ಬರವಿಲ್ಲ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅವರ ಸಂತೆ ವ್ಯಾಪಾರ. ಬೇರೆಯವರು ಕೆಳದರದ್ದೆಂದು ಬಿಟ್ಟುಹೋದ ಸಾಮಾನಿನಲ್ಲಿ ಬೆಲೆಯುಳ್ಳದ್ದು ಯಾವುದು ಎಂದು ಗುರುತಿಸುವ ಕಣ್ಣು ಅವರಿಗಿತ್ತು.

ಮೊದಲನೆಯದು ಜೂನಿಯರ್ ಕಾಲೇಜು. ಅಂಕ ಸಾಲದೆಯೋ, ತಡವಾಗಿ ಬೆಳೆದೋ, ಒಮ್ಮೆ ಎಡವಿಯೋ ದೊಡ್ಡ ವಿಶ್ವವಿದ್ಯಾಲಯ ಸೇರಲಾಗದ ಹುಡುಗರು ಎರಡು ವರ್ಷ ಆಡುವ ಸಣ್ಣ ಕಾಲೇಜುಗಳು ಇವು. ಕ್ಯಾನ್ಸಸ್‌ನಲ್ಲೇ ಬಟ್ಲರ್, ಗಾರ್ಡನ್ ಸಿಟಿ, ಕಾಫಿವಿಲ್, ಡಾಜ್ ಸಿಟಿ ಎಂದು ಇಂಥವು ಹಲವಿವೆ. ದೊಡ್ಡ ತಂಡಗಳು ಇವರನ್ನು ಉಪ್ಪಿನಕಾಯಿಯಂತೆ ಬಳಸುತ್ತಿದ್ದಾಗ ಸ್ನೈಡರ್ ಊಟವನ್ನೇ ಅದರ ಮೇಲೆ ಕಟ್ಟಿದರು. 1997 ಮತ್ತು 1998ರ ಅವರ ಕ್ವಾರ್ಟರ್‌ಬ್ಯಾಕ್ (ಆಕ್ರಮಣ ನಡೆಸುವ, ಚೆಂಡನ್ನು ಎಸೆಯುವ ಆಟಗಾರ) ಮೈಕಲ್ ಬಿಷಪ್ ಬಂದದ್ದು ಟೆಕ್ಸಸ್‌ನ ಬ್ಲಿನ್ ಕಾಲೇಜಿನಿಂದ. 1998ರಲ್ಲಿ ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯ ಮತದಾನದಲ್ಲಿ ಆತ ಎರಡನೆಯವನಾದ.

ಎರಡನೆಯದು, ವಿದ್ಯಾರ್ಥಿವೇತನವಿಲ್ಲದೆ ತಾವಾಗಿ ಬಂದು ಬಾಗಿಲು ತಟ್ಟುವ ಊರಿನ ಹುಡುಗರು. ಮ್ಯಾನ್‌ಹಟನ್ ಪಕ್ಕದ ರೈಲಿ ಎಂಬ ಊರಿನ ರೈತ ಕುಟುಂಬದ ಜಾರ್ಡಿ ನೆಲ್ಸನ್ ಹಾಗೆಯೇ ಬಂದವನು. ಮುಂದೆ ಎನ್‌ಎಫ್‌ಎಲ್‌ನಲ್ಲಿ ಗ್ರೀನ್ ಬೇ ತಂಡದ ಪರ ಹೆಸರು ಮಾಡಿದ.

ಮೂರನೆಯದು ಲೆಕ್ಕದ ವಿಷಯ, ಸ್ವಲ್ಪ ನಿಧಾನವಾಗಿ ಹೇಳಬೇಕು. ಮೈದಾನದಲ್ಲಿ ಎರಡೂ ಕಡೆ ಹನ್ನೊಂದು ಮಂದಿ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರೆ ಅಲ್ಲಿಗೆ ಅವನ ಕೆಲಸ ಮುಗಿಯಿತು. ಓಡುವವನು ಒಬ್ಬ, ಸುಮ್ಮನೆ ನಿಂತವನು ಒಬ್ಬ. ಉಳಿದ ಒಂಬತ್ತು ಮಂದಿ ಹನ್ನೊಂದು ಮಂದಿಯನ್ನು ತಡೆಯಬೇಕು. ಕ್ವಾರ್ಟರ್‌ಬ್ಯಾಕೇ ಚೆಂಡು ಹಿಡಿದು ಓಡಿದರೆ ತಡೆಯುವವರು ಹತ್ತು. ಅಂದರೆ ಒಬ್ಬ ಆಳು ಪುಕ್ಕಟೆ ಸಿಕ್ಕಿದ ಹಾಗೆ. ಆಟಗಾರರ ಗುಣಮಟ್ಟದಲ್ಲಿ ಹಿಂದಿರುವ ತಂಡಕ್ಕೆ ಇದು ದೊಡ್ಡ ಲಾಭ. ಅದಕ್ಕೆ ಬೇಕಾದ ಹುಡುಗರೂ ಅಗ್ಗವಾಗಿ ಸಿಗುತ್ತಿದ್ದರು. ಯಾಕೆಂದರೆ ಚೆನ್ನಾಗಿ ಓಡಿ ಸುಮಾರಾಗಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಆ ಕಾಲದ ದೊಡ್ಡ ಕಾಲೇಜುಗಳು ಬೇರೆ ಜಾಗಕ್ಕೆ ತಳ್ಳಲು ನೋಡುತ್ತಿದ್ದವು. ಬಿಷಪ್, ಆತನ ನಂತರ ಎಲ್ ರಾಬರ್ಸನ್, ಬಹಳ ಕಾಲದ ಮೇಲೆ ಕಾಲಿನ್ ಕ್ಲೈನ್ ಎಲ್ಲರೂ ಇದೇ ಅಚ್ಚಿನವರು. ಈಗ ಎಲ್ಲರೂ ಆಡುವ ಈ ಆಟವನ್ನು ಸ್ನೈಡರ್ ಆಗಲೇ ಆಡಿಸುತ್ತಿದ್ದರು.

ನಾಲ್ಕನೆಯದನ್ನು ಅಭಿಮಾನಿಗಳು ಮೆಲುದನಿಯಲ್ಲಿ ಹೇಳುತ್ತಾರೆ: ದುರ್ಬಲರನ್ನು ಆರಿಸಿ ಆಡುವುದು. ಕಾನ್ಫರೆನ್ಸ್ ಪಂದ್ಯಗಳ ಎದುರಾಳಿಗಳು ಮೊದಲೇ ನಿಗದಿಯಾಗಿರುತ್ತಾರೆ. ಉಳಿದ ಮೂರು ನಾಲ್ಕು ಪಂದ್ಯಗಳನ್ನು ಕಾಲೇಜೇ ಗೊತ್ತುಮಾಡಿಕೊಳ್ಳಬಹುದು. 1998ರಲ್ಲಿ ಸ್ನೈಡರ್ ತಂಡ ಹೀಗೆ ಆಡಿದ್ದು ಇಂಡಿಯಾನಾ ಸ್ಟೇಟ್, ನಾರ್ದರ್ನ್ ಇಲಿನಾಯ್ ಮತ್ತು ನಾರ್ತ್‌ಈಸ್ಟ್ ಲೂಯಿಸಿಯಾನಾ ಜೊತೆ. ಮೂರರಲ್ಲೂ ಅರವತ್ತಕ್ಕಿಂತ ಹೆಚ್ಚು ಅಂಕ. ಪತ್ರಕರ್ತರು ಇದನ್ನು ಗೇಲಿ ಮಾಡಿದರು. ನಾನು ಮಾಡುವುದಿಲ್ಲ. ಸೋಲೇ ಅಭ್ಯಾಸವಾಗಿದ್ದ ಹುಡುಗರಿಗೆ ಗೆಲುವಿನ ರುಚಿ ಹತ್ತಿಸಬೇಕಿತ್ತು, ಬೌಲ್ ಪಂದ್ಯಕ್ಕೆ ಬೇಕಾದ ಗೆಲುವಿನ ಸಂಖ್ಯೆಯೂ ತುಂಬಬೇಕಿತ್ತು. ನೆಬ್ರಾಸ್ಕಾದಂಥ ಕಾಲೇಜಿನ ಕೋಚ್ ವರ್ಷ ವರ್ಷವೂ ಹೀಗೆ ಮಾಡಿದರೆ ಅವರದೇ ಜನ ಬಿಡುವುದಿಲ್ಲ.

ಇವೆಲ್ಲದರ ಜೊತೆಗೆ ಸ್ನೈಡರ್ ಕೈಯಲ್ಲಿಲ್ಲದ ಒಂದು ಸಂಗತಿಯೂ ಆ ಹೊತ್ತಿಗೇ ಕೂಡಿಬಂತು. ಒಂದು ಕಾಲೇಜು ಕೊಡಬಹುದಾದ ಫುಟ್‌ಬಾಲ್ ವಿದ್ಯಾರ್ಥಿವೇತನಗಳ ಮಿತಿ 95 ಇತ್ತು. 1992ರಿಂದ ಹಂತಹಂತವಾಗಿ ಇಳಿಸಿ 1994ಕ್ಕೆ 85ಕ್ಕೆ ತಂದರು. ದೊಡ್ಡ ಮನೆಗಳು ಬೆಂಚಿನ ಮೇಲೆ ಕೂರಿಸಿಕೊಳ್ಳುತ್ತಿದ್ದ ಹತ್ತು ಹತ್ತು ಹುಡುಗರು ಬೇರೆಡೆ ಜಾಗ ಹುಡುಕಬೇಕಾಯಿತು. ಇದರ ಲಾಭ ಎಲ್ಲ ಸಣ್ಣವರಿಗೂ ತೆರೆದಿತ್ತು. ಪಕ್ಕದ ಮನೆಯ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೂ. ಎಲ್ಲರೂ ಬಳಸಿಕೊಳ್ಳಲಿಲ್ಲ ಎಂಬುದು ಸ್ನೈಡರ್ ಪರವಾದ ವಾದ. ಪ್ಯಾರಿಶ್ ಕಾಲದಲ್ಲಿ ಅದು ಇರಲೇ ಇಲ್ಲ ಎಂಬುದು ಪ್ಯಾರಿಶ್ ಪರವಾದದ್ದು.

ಡಿಸೆಂಬರ್ 5, 1998

ಆ ವರ್ಷ ನವೆಂಬರ್‌ನಲ್ಲಿ ಅವರು ನೆಬ್ರಾಸ್ಕಾವನ್ನು 40–30ರಿಂದ ಸೋಲಿಸಿದರು. 1969ರಿಂದ ಸತತ ಇಪ್ಪತ್ತೊಂಬತ್ತು ಬಾರಿ ಸೋತ ಮೇಲೆ ಬಂದ ಗೆಲುವು. ಹನ್ನೊಂದು ಪಂದ್ಯ, ಹನ್ನೊಂದೂ ಗೆಲುವು. ಕೋಚ್‌ಗಳ ಮತಪಟ್ಟಿಯಲ್ಲಿ ಕ್ಯಾನ್ಸಸ್ ಸ್ಟೇಟ್ ದೇಶಕ್ಕೇ ಮೊದಲನೆಯದಾಯಿತು. ಬಿಗ್ ಎಯ್ಟ್ ಹಿಗ್ಗಿ ಬಿಗ್ 12 ಆಗಿತ್ತು. ಅದರ ಫೈನಲ್ ಸೇಂಟ್ ಲೂಯಿಸ್‌ನಲ್ಲಿ, ಟೆಕ್ಸಸ್ ಎ ಅಂಡ್ ಎಂ ವಿರುದ್ಧ. ಆ ದಿನವೇ ರಾಷ್ಟ್ರ ಪ್ರಶಸ್ತಿಯ ಪಂದ್ಯಕ್ಕೆ ಪೈಪೋಟಿಯಲ್ಲಿದ್ದ ಯುಸಿಎಲ್‌ಎ ತಂಡ ಮಯಾಮಿಗೆ ಸೋತಿತ್ತು. ಕ್ಯಾನ್ಸಸ್ ಸ್ಟೇಟ್ ಗೆದ್ದರೆ ಆ ಪಂದ್ಯಕ್ಕೆ ದಾರಿ ಖಚಿತ.

ಕೊನೆಯ ಕಾಲು ಭಾಗ ಆರಂಭವಾದಾಗ 27–12ರ ಮುನ್ನಡೆ. ಅದು ಕರಗಿ 27–27 ಆಯಿತು. ಎರಡನೆಯ ಹೆಚ್ಚುವರಿ ಅವಧಿಯಲ್ಲಿ ಕ್ಯಾನ್ಸಸ್ ಸ್ಟೇಟ್ ಮೂರು ಅಂಕ ಮುಂದಿತ್ತು. ಎದುರಾಳಿಗೆ ಮೂರನೆಯ ಯತ್ನದಲ್ಲಿ ಹದಿನೇಳು ಗಜ ಬೇಕಿತ್ತು. ಸರ್ ಪಾರ್ಕರ್ ಎಂಬ ಹುಡುಗ ಚೆಂಡು ಹಿಡಿದು ಮೂವತ್ತೆರಡು ಗಜ ಓಡಿ ಮೂಲೆಯ ಕಂಬದ ಬಳಿ ಗೆರೆ ಮುಟ್ಟಿದ. 36–33. ಸೋತ ಮೇಲೂ ಅಧಿಕೃತ ಪಟ್ಟಿಯಲ್ಲಿ ತಂಡ ಮೂರನೆಯ ಸ್ಥಾನದಲ್ಲೇ ಇತ್ತು. ಆದರೂ ದೊಡ್ಡ ಬೌಲ್‌ಗಳ ಸಂಘಟಕರಲ್ಲಿ ಒಬ್ಬರೂ ಕರೆಯಲಿಲ್ಲ. ಟಿಕೆಟ್ ಮಾರಾಟ, ಟಿವಿ ನೋಟಕರು, ಹೆಸರು ಎಂಬ ಲೆಕ್ಕಗಳಲ್ಲಿ ಮ್ಯಾನ್‌ಹಟನ್ ಇನ್ನೂ ಸಣ್ಣದೇ ಆಗಿತ್ತು. ಅಲಮೊ ಬೌಲ್‌ಗೆ ಹೋಗಿ ಪರ್ಡ್ಯೂ ವಿರುದ್ಧ 37–34ರಿಂದ ಸೋತರು. ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಹೆಸರು ಡ್ರೂ ಬ್ರೀಸ್; ಆತ ಈ ಬರಹದಲ್ಲಿ ಇನ್ನೊಮ್ಮೆ ಬರುತ್ತಾನೆ. ಮೂರನೆಯ ಸ್ಥಾನದ ತಂಡವನ್ನು ಹೀಗೆ ಕೈಬಿಡಬಾರದೆಂದು ಆಮೇಲೆ ನಿಯಮ ಬಂತು. ಅದಕ್ಕೆ ಜನ ಇಟ್ಟ ಹೆಸರು ‘ಕ್ಯಾನ್ಸಸ್ ಸ್ಟೇಟ್ ನಿಯಮ’.

ಕೈಗುಣದಿಂದ ತಂಡ ಗೆಲ್ಲುತ್ತದೆ, ಊರಿನ ತೂಕ ಹೆಚ್ಚುವುದಿಲ್ಲ. ಒಕ್ಲಹೋಮಾದ ಉದಾಹರಣೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಸ್ನೈಡರ್ ಕೈಕೆಳಗೆ ರಕ್ಷಣೆಯ ಹೊಣೆ ಹೊತ್ತಿದ್ದ ಬಾಬ್ ಸ್ಟೂಪ್ಸ್ 1996ರಲ್ಲಿ ಫ್ಲಾರಿಡಾಕ್ಕೆ ಹೋಗಿ, 1999ರಲ್ಲಿ ಒಕ್ಲಹೋಮಾದ ಮುಖ್ಯ ಕೋಚ್ ಆದರು. ಎರಡನೆಯ ವರ್ಷಕ್ಕೇ ರಾಷ್ಟ್ರ ಚಾಂಪಿಯನ್. ಅದೇ ವರ್ಷ ಗುರುವಿನ ತಂಡವನ್ನು ಎರಡು ಬಾರಿ ಸೋಲಿಸಿದರು. ಗುರು ಹನ್ನೆರಡು ವರ್ಷ ಗೇದು ತಲುಪಲಾಗದ ಜಾಗಕ್ಕೆ ಶಿಷ್ಯ ಇಪ್ಪತ್ತನಾಲ್ಕು ತಿಂಗಳಲ್ಲಿ ತಲುಪಿದರು. ಸ್ಟೂಪ್ಸ್ ಸ್ನೈಡರ್‌ಗಿಂತ ದೊಡ್ಡ ಕೋಚ್ ಎಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ಸಿಕ್ಕ ಹೊಲ ಬೇರೆ.

2003ರಲ್ಲಿ ಸ್ನೈಡರ್ ಲೆಕ್ಕ ತೀರಿಸಿದರು. ಅಗ್ರಸ್ಥಾನದಲ್ಲಿದ್ದ ಅದೇ ಒಕ್ಲಹೋಮಾವನ್ನು ಬಿಗ್ 12 ಫೈನಲ್‌ನಲ್ಲಿ 35–7ರಿಂದ ಮಣಿಸಿದಾಗ ಡ್ಯಾರನ್ ಸ್ಪ್ರೋಲ್ಸ್ ಒಬ್ಬನೇ 235 ಗಜ ಓಡಿದ್ದ. 1934ರ ನಂತರದ ಮೊದಲ ಕಾನ್ಫರೆನ್ಸ್ ಪ್ರಶಸ್ತಿ ಅದು.

ಅದಕ್ಕೆ ಮೊದಲು, ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ಘಟನೆ ನಡೆದಿತ್ತು. ಕ್ಯಾನ್ಸಸ್ ಸ್ಟೇಟ್ ನೆಬ್ರಾಸ್ಕಾದ ಊರಿಗೇ ಹೋಗಿ 38–9ರಿಂದ ಗೆದ್ದಿತು. ಎರಡು ವಾರಗಳ ಬಳಿಕ ನೆಬ್ರಾಸ್ಕಾ ತನ್ನ ಕೋಚ್ ಫ್ರಾಂಕ್ ಸಾಲಿಚ್ ಅವರನ್ನು ಮನೆಗೆ ಕಳುಹಿಸಿತು. ಆ ಋತುವಿನಲ್ಲಿ ಅವರ ದಾಖಲೆ 9–3. ಆರು ವರ್ಷಗಳಲ್ಲಿ ಒಟ್ಟು 58 ಗೆಲುವು, 19 ಸೋಲು. 18–26 ಇದ್ದವರಿಗೆ ಒಂದು ಊರು ಕೈ ಮುಗಿಯಿತು, 58–19 ಇದ್ದವರನ್ನು ಪಕ್ಕದ ರಾಜ್ಯ ಹೊರಗೆ ಹಾಕಿತು. ಸಾಲಿಚ್ ಮುಂದೆ ಓಹಾಯೋ ವಿಶ್ವವಿದ್ಯಾಲಯ ಎಂಬ, ಹೆಚ್ಚಿನ ನಿರೀಕ್ಷೆಯೇ ಇಲ್ಲದ ಜಾಗಕ್ಕೆ ಹೋಗಿ 115 ಪಂದ್ಯ ಗೆದ್ದರು.

ತೆಗೆದು ನೋಡಿದ ಪ್ರಯೋಗ

ಒಂದು ಅಂಶ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅದನ್ನು ತೆಗೆದು ನೋಡಬೇಕು, ಮತ್ತೆ ಹಾಕಿ ನೋಡಬೇಕು. ಕ್ರೀಡೆಯಲ್ಲಿ ಇಂಥ ಅವಕಾಶ ಸಿಗುವುದು ಅಪರೂಪ, ಇಲ್ಲಿ ಸಿಕ್ಕಿದೆ. 2005ರಲ್ಲಿ ಸ್ನೈಡರ್ ನಿವೃತ್ತರಾದರು. ಕ್ರೀಡಾಂಗಣಕ್ಕೆ ಅವರ ಕುಟುಂಬದ ಹೆಸರು ಬಂತು. ರಾನ್ ಪ್ರಿನ್ಸ್ ಬಂದರು: 7–6, 5–7, 5–7. 2009ಕ್ಕೆ, ಎಪ್ಪತ್ತರ ಹೊಸ್ತಿಲಲ್ಲಿದ್ದ ಸ್ನೈಡರ್ ಅವರನ್ನು ವಾಪಸ್ ಕರೆದರು: 6–6, 7–6, ನಂತರ 10–3, ನಂತರ 11–2 ಮತ್ತು 2012ರ ಬಿಗ್ 12 ಪ್ರಶಸ್ತಿ.

ಕೈಗುಣವಾದಿಗಳಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೇ? ಬೇಕು, ಯಾಕೆಂದರೆ ಪ್ರಯೋಗ ಅಷ್ಟು ಶುದ್ಧವಾಗಿಲ್ಲ. ಸ್ನೈಡರ್ ಹೊರಡುವ ಮೊದಲಿನ ಎರಡು ವರ್ಷ ಅವರದೇ ತಂಡ 4–7 ಮತ್ತು 5–6ಕ್ಕೆ ಕುಸಿದಿತ್ತು. ಪ್ರಿನ್ಸ್ ಕೈಗೆ ಬಂದದ್ದು ಏರುತ್ತಿದ್ದ ತಂಡವಲ್ಲ. ಪ್ರಿನ್ಸ್ ಟೆಕ್ಸಸ್ ಅನ್ನು ಎರಡು ಬಾರಿ ಸೋಲಿಸಿದರು. ಅವರ ಕ್ವಾರ್ಟರ್‌ಬ್ಯಾಕ್ ಜಾಷ್ ಫ್ರೀಮನ್ 2009ರಲ್ಲಿ ಎನ್‌ಎಫ್‌ಎಲ್ ಆಯ್ಕೆಯ ಮೊದಲ ಸುತ್ತಿನಲ್ಲೇ ಹೋದ. ಮೂರು ವರ್ಷಕ್ಕೆ 17–20 ಎಂಬ ದಾಖಲೆಯನ್ನು 1988ರಲ್ಲಿ ತಂದಿದ್ದರೆ ಮ್ಯಾನ್‌ಹಟನ್ ಅವರನ್ನು ಮೆರವಣಿಗೆ ಮಾಡುತ್ತಿತ್ತು. 2008ರಲ್ಲಿ ಅದೇ ದಾಖಲೆಗೆ ಕೆಲಸ ಹೋಯಿತು. ಯಾರೂ ಏನನ್ನೂ ನಿರೀಕ್ಷಿಸದ ಊರು ಎಂಬುದೇ ಸ್ನೈಡರ್‌ಗೆ ಸಿಕ್ಕ ಬಂಡವಾಳ. ಆ ಬಂಡವಾಳವನ್ನು ಅವರೇ ಖರ್ಚು ಮಾಡಿ ಮುಗಿಸಿದ್ದರು, ಅವರ ನಂತರ ಬಂದವರಿಗೆ ಅದು ಉಳಿದಿರಲಿಲ್ಲ. ಎರಡನೆಯ ಬಾರಿ ಬಂದಾಗ ಸ್ನೈಡರ್‌ಗೂ ಉಳಿದಿರಲಿಲ್ಲ, ನಿಜ. ಆದರೆ ಕ್ರೀಡಾಂಗಣದ ಗೋಡೆಯ ಮೇಲೆ ಹೆಸರಿರುವ ಮನುಷ್ಯನನ್ನು 6–6ಕ್ಕೆ ಕೆಲಸದಿಂದ ತೆಗೆಯುವ ಧೈರ್ಯ ಯಾರಿಗಿರುತ್ತದೆ?

2018ರ 5–7ರ ನಂತರ, 79ನೆಯ ವಯಸ್ಸಿನಲ್ಲಿ, ಅವರು ಕೊನೆಯ ಬಾರಿ ಇಳಿದರು. ಇಪ್ಪತ್ತೇಳು ಋತುಗಳಲ್ಲಿ 215 ಗೆಲುವು, 117 ಸೋಲು, 1 ಸಮ. ಒಕ್ಲಹೋಮಾದ ಹಳೆಯ ಕೋಚ್ ಬ್ಯಾರಿ ಸ್ವಿಟ್ಜರ್ ಅವರನ್ನು ಶತಮಾನದ ಕೋಚ್ ಎಂದು ಕರೆದಿದ್ದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ‘ಎಲ್ಲಿ ಬೇಕಾದರೂ’ ಎಂಬ ಎರಡು ಪದಗಳ ಮೇಲೆ. ಆ 215 ಗೆಲುವುಗಳೂ ಒಂದೇ ಕಾಲೇಜಿನವು. ಸ್ನೈಡರ್ ಇನ್ನೊಂದು ಕಡೆ ಮುಖ್ಯ ಕೋಚ್ ಆಗಿ ಒಂದು ಪಂದ್ಯವನ್ನೂ ಆಡಿಸಿದವರಲ್ಲ.

ಹಲವು ಕಡೆ ಆಡಿಸಿದವರು ನಿಕ್ ಸೇಬನ್. ಮಿಷಿಗನ್ ಸ್ಟೇಟ್‌ನಲ್ಲಿ ಅವರ ಮೊದಲ ನಾಲ್ಕು ವರ್ಷ 25–22–1, ಏನೂ ವಿಶೇಷವಿಲ್ಲ. ಐದನೆಯ ವರ್ಷ 9–2 ಮಾಡಿ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ (ಎಲ್‌ಎಸ್‌ಯು) ಹೊರಟರು, 2003ರ ಋತುವಿನಲ್ಲಿ ರಾಷ್ಟ್ರ ಪ್ರಶಸ್ತಿ ಗೆದ್ದರು. ಅಲ್ಲಿಂದ ಎನ್‌ಎಫ್‌ಎಲ್‌ನ ಮಯಾಮಿ ಡಾಲ್ಫಿನ್ಸ್‌ಗೆ: ಎರಡು ವರ್ಷ, 15–17. 2006ರಲ್ಲಿ ಮಯಾಮಿಯವರು ಭುಜದ ಗಾಯಕ್ಕೆ ಹೆದರಿ ಡ್ರೂ ಬ್ರೀಸ್‌ನನ್ನು ಬಿಟ್ಟು ಬೇರೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತಂದರು. ಬ್ರೀಸ್ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ. ಆಟಗಾರರನ್ನು ಮನೆಮನೆಗೆ ಹೋಗಿ ಗುಡಿಸಿ ತರುವ ಅವಕಾಶ ಎನ್‌ಎಫ್‌ಎಲ್‌ನಲ್ಲಿ ಇಲ್ಲ, ಸೇಬನ್ ಅವರ ಅರ್ಧ ಬಲ ಇದ್ದದ್ದೇ ಅದರಲ್ಲಿ. 2007ರಲ್ಲಿ ಅಲಬಾಮಾಕ್ಕೆ ಬಂದರು, ಆರು ರಾಷ್ಟ್ರ ಪ್ರಶಸ್ತಿ ಗೆದ್ದರು. ಅದೇ ತಲೆ, ಅದೇ ಕಟ್ಟುನಿಟ್ಟು. ನಾಲ್ಕು ಕಡೆ ನಾಲ್ಕು ತರಹದ ಫಲ.

ಈಚೆಗೆ ಇಂಡಿಯಾನಾ ವಿಶ್ವವಿದ್ಯಾಲಯದ ಕರ್ಟ್ ಸಿಗ್ನೆಟಿ ಈ ಚರ್ಚೆಯನ್ನು ಕೆದಕಿದ್ದಾರೆ. ಅಲಬಾಮಾದಲ್ಲಿ ಸೇಬನ್ ಅವರ ಮೊದಲ ವರ್ಷಗಳ ಸಹಾಯಕರಾಗಿದ್ದವರು. 2023ರಲ್ಲಿ 3–9 ಇದ್ದ, ಮೇಲ್ದರ್ಜೆಯ ಇತಿಹಾಸದಲ್ಲೇ ಅತಿ ಹೆಚ್ಚು ಸೋಲು ಹೊತ್ತಿದ್ದ ತಂಡವನ್ನು ಅವರು ಮರುವರ್ಷವೇ 11–2ಕ್ಕೆ, ಅದರ ಮುಂದಿನ ಋತುವಿನಲ್ಲಿ 16–0 ಹಾಗೂ ರಾಷ್ಟ್ರ ಪ್ರಶಸ್ತಿಗೆ ಒಯ್ದರು. ಸ್ನೈಡರ್‌ಗೆ ಬೇಕಾಗಿದ್ದ ಐದು ವರ್ಷ ಇಲ್ಲಿ ಒಂದಾಗಿದೆ. ಆಟಗಾರರು ಈಗ ಒಂದು ವರ್ಷ ಕಾಯದೆ ಕಾಲೇಜು ಬದಲಿಸಬಹುದು. ಸಿಗ್ನೆಟಿ ತಮ್ಮ ಹಳೆಯ ಕಾಲೇಜಿನ ಹುಡುಗರಲ್ಲಿ ಹನ್ನೆರಡಕ್ಕಿಂತ ಹೆಚ್ಚು ಮಂದಿಯನ್ನು ಜೊತೆಗೇ ಕರೆತಂದರು. ಒಕ್ಕಲು ಸಮೇತ ಹೊಸ ಊರಿಗೆ ಹೋದ ಹಾಗೆ. ಆದರೂ ಗಮನಿಸಿ: ಇಂಡಿಯಾನಾವೂ ಏನನ್ನೂ ನಿರೀಕ್ಷಿಸದೆ ಕುಳಿತಿದ್ದ ಊರೇ.

ಕ್ಯಾನ್ಸಸ್ ಸ್ಟೇಟ್‌ಗೆ ಸ್ನೈಡರ್ ನಂತರ ಬಂದವರು ಕ್ರಿಸ್ ಕ್ಲೀಮನ್, ಕೆಳದರ್ಜೆಯ ನಾರ್ತ್ ಡಕೋಟಾ ಸ್ಟೇಟ್‌ನಲ್ಲಿ ನಾಲ್ಕು ರಾಷ್ಟ್ರ ಪ್ರಶಸ್ತಿ ಗೆದ್ದವರು. 2022ರ ಬಿಗ್ 12 ಫೈನಲ್‌ನಲ್ಲಿ ಅವರ ತಂಡ, ಆವರೆಗೆ ಸೋಲನ್ನೇ ಕಾಣದಿದ್ದ ಟಿಸಿಯುವನ್ನು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ಹೆಚ್ಚುವರಿ ಅವಧಿಯಲ್ಲಿ 31–28ರಿಂದ ಸೋಲಿಸಿತು. ಆಕ್ರಮಣದ ಹೊಣೆ ಹೊತ್ತಿದ್ದವರು ಸ್ನೈಡರ್ ಅವರ ಹಳೆಯ ಕ್ವಾರ್ಟರ್‌ಬ್ಯಾಕ್ ಕಾಲಿನ್ ಕ್ಲೈನ್. 1998ರಲ್ಲಿ ಸೋತ ಕ್ಯಾನ್ಸಸ್ ಸ್ಟೇಟ್ ದೊಡ್ಡ ಬೌಲ್‌ಗಳೆಲ್ಲದರಿಂದ ಹೊರಬಿದ್ದಿದ್ದರೆ, 2022ರಲ್ಲಿ ಸೋತ ಟಿಸಿಯು ರಾಷ್ಟ್ರ ಪ್ರಶಸ್ತಿಯ ಪ್ಲೇಆಫ್‌ಗೆ ಹೋಯಿತು. ಗೆದ್ದವರಿಗೆ ಸಿಕ್ಕಿದ್ದು ಶುಗರ್ ಬೌಲ್, ಎದುರಿಗೆ ಸೇಬನ್ ಅವರ ಅಲಬಾಮಾ.

ಡಿಸೆಂಬರ್ 31ರ ಆ ಮಧ್ಯಾಹ್ನ ನ್ಯೂ ಆರ್ಲಿಯನ್ಸ್‌ನಲ್ಲಿ ಡೂಸ್ ವಾನ್ ಎಂಬ ಕುಳ್ಳ ಹುಡುಗ 88 ಗಜ ಓಡಿದಾಗ ಅಂಕ 10–0 ಆಗಿ, ಕ್ಯಾನ್ಸಸ್ ಸ್ಟೇಟ್‌ನ ನೇರಳೆ ಅಂಗಿಯವರ ಕಡೆ ಗ್ಯಾಲರಿ ಎದ್ದು ನಿಂತಿತು. ಪಂದ್ಯ ಮುಗಿದಾಗ 45–20, ಅಲಬಾಮಾ ಪರ. ಆ ದಿನ ಎದುರಿಗೆ ಆಡಿದ ಬ್ರೈಸ್ ಯಂಗ್ ಮತ್ತು ವಿಲ್ ಆಂಡರ್ಸನ್ ನಾಲ್ಕು ತಿಂಗಳ ನಂತರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಇಡೀ ದೇಶಕ್ಕೆ ಮೊದಲನೆಯವನೂ ಮೂರನೆಯವನೂ ಆದರು.